ಬಕಲ್ಲಿನ ಸದ್ದು

ನಾನು ಅನುಮಾನದ ಹೆಂಗಸು. ಹಾಗಂತ ನನ್ನ ಗಂಡ ಹೇಳುತ್ತಾರೆ, ಐಮಂಗಲದ ತರಕಾರಿ ಮಾರುವವರು ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ. ತಾಳ್ಯದಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಮೆಣಸಿನಲ್ಲಿ ಪಪ್ಪಾಯಿ ಬೀಜ, ತೊಗರಿಬೇಳೆಯಲ್ಲಿ ಕೇಸರಿಬೇಳೆ, ಸಾಸಿವೆಯಲ್ಲಿ ಇನ್ನೇನೋ ಕಾಡುಕಾಳು, ಹೀಗೆ ಕಲಬೆರಕೆ ಆರಿಸುತ್ತಲೇ ಬೆಳೆದೆ. 'ಬೆಳ್ಳಗಿರೋದೆಲ್ಲ ಹಾಲಲ್ಲ' ಅನ್ನುವುದು ಎಲ್ಲರಿಗೂ ಗಾದೆ, ನಮ್ಮಪ್ಪನಿಗೆ ಅದು ವ್ಯಾಪಾರ. ಮದುವೆಯಾಗಿ ಐಮಂಗಲಕ್ಕೆ ಬಂದ ಮೇಲೂ ಆ ಕಣ್ಣು ಬಿಟ್ಟು ಹೋಗಲಿಲ್ಲ.

ಇಂಥವಳಿಗೆ ಸಿಕ್ಕಿದ ಗಂಡ ಗಾಳಿಯಂತ್ರ ಹತ್ತುವವರು. ನಮ್ಮ ಕಡೆ ಗುಡ್ಡದ ಮೇಲೆಲ್ಲ ತಿರುಗುತ್ತವಲ್ಲ, ಅವಕ್ಕೆ ನಾವು ಫ್ಯಾನ್ ಅನ್ನುತ್ತೇವೆ. ಒಂದು ದಿನ ಹೊಸದುರ್ಗದ ಕಡೆ ಗುಡ್ಡ, ಇನ್ನೊಂದು ದಿನ ಹೊಳಲ್ಕೆರೆ ಕಡೆ. ಕಂಬದ ಒಳಗಿನ ಏಣಿ ಹಿಡಿದು ತುದಿಯವರೆಗೆ ಹತ್ತಿ, ಅಲ್ಲಿ ಯಂತ್ರ ಬಿಚ್ಚಿ ರಿಪೇರಿ ಮಾಡಿ ಇಳಿಯಬೇಕು. ಕೆಲಸದ ಜೀಪು ಹೆದ್ದಾರಿಯಲ್ಲೇ ಹತ್ತಿಸಿಕೊಂಡು ಹೋಗುವುದರಿಂದ ಅವರವರ ಬೆಲ್ಟು ಅವರವರ ಮನೆಯಲ್ಲೇ ಇರುತ್ತದೆ. ಬೆಲ್ಟು ಅಂದರೆ ಪ್ಯಾಂಟಿಗೆ ಕಟ್ಟುವುದಲ್ಲ. ಭುಜ, ಎದೆ, ತೊಡೆ ಎಲ್ಲಕ್ಕೂ ಪಟ್ಟಿಗಳಿದ್ದು ಇಡೀ ಮೈಯನ್ನು ಹಿಡಿದುಕೊಳ್ಳುವ ಬೆಲ್ಟು. ನಮ್ಮ ಪಡಸಾಲೆಯಲ್ಲಿ ದೇವರ ಗೂಡಿನ ಪಕ್ಕದ ಗೂಟಕ್ಕೆ ಅದು ನೇತಾಡುತ್ತಿತ್ತು. ಬೆಳಿಗ್ಗೆ ಅವರು ಅದನ್ನು ಒಮ್ಮೆ ಹಾಕಿ ನೋಡಿ, ಬಿಚ್ಚಿ, ಚೀಲಕ್ಕೆ ಸೇರಿಸುವುದು ವಾಡಿಕೆ. ಎದೆಯ ಬಕಲ್ಲಿನ ನಾಲಿಗೆ ಒಳಗೆ ಹೋದಾಗ ಟಕ್ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರೂ ನನ್ನ ಕಿವಿ ಆ ಸದ್ದಿಗೇ ಇರುತ್ತಿತ್ತು. ಅದು ಕೇಳಿದ ಮೇಲೇ ನಾನು ಮುಂದಿನ ರೊಟ್ಟಿಗೆ ಕೈ ಹಾಕುತ್ತಿದ್ದೆ.

ಒಂದು ದಿನ ಆ ಸದ್ದು ಬದಲಾಯಿತು. ಟಕ್ ಬದಲು ತಪ್ ಅಂದಂತೆ, ಒದ್ದೆ ಮಣ್ಣಿಗೆ ಏನೋ ಬಿದ್ದಂತೆ. ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ರೀ, ಇನ್ನೊಂದು ಸಲ ಹಾಕ್ರಿ."

ಹಾಕಿದರು. ಮತ್ತೆ ಅದೇ ತಪ್.

"ಎಳ್ದು ತೋರಿಸ್ತೀನಿ ನೋಡು, ಗಟ್ಟಿ ಐತೆ," ಅಂತ ಪಟ್ಟಿ ಎಳೆದರು. ಬಿಚ್ಚಲಿಲ್ಲ. "ಗುಡ್ಡದ ಧೂಳು ಕಣೇ, ಒಳಗೆ ಕುಂತೈತೆ. ಒರೆಸಿದ್ರೆ ಸರಿಹೋಗ್ತತೆ. ನಿನ್ನ ಕಿವಿಗೆ ಒಂದು ಬಕಲ್ ಹಾಕ್ಬೇಕು ಮೊದ್ಲು."

ನಗುತ್ತಾ ಹೋದರು. ನಗುವುದಕ್ಕೇನು, ಹತ್ತುವವರಿಗೆ ಕೆಳಗಿರುವವರ ಹೊಟ್ಟೆಯೊಳಗಿನದು ಗೊತ್ತಾಗುವುದಿಲ್ಲ. ಅವತ್ತು ಸಂಜೆ ಜೀಪಿನ ಹಾರನ್ ಕೇಳುವವರೆಗೆ ನನಗೆ ಒಂದು ಕೆಲಸವೂ ಹತ್ತಲಿಲ್ಲ. ಭಯವಾಗಿತ್ತು, ಅಷ್ಟೇ.

ಭಯ ಬಂದರೆ ನನಗೆ ಜೊತೆಗೇ ಅನುಮಾನ ಬರುತ್ತದೆ. ಸ್ವಲ್ಪ ದಿನದ ಹಿಂದೆ ಎಲ್ಲರ ಬೆಲ್ಟುಗಳನ್ನೂ ತಪಾಸಣೆಗೆಂದು ಹಿರಿಯೂರಿನ ಕಂಪನಿ ಸ್ಟೋರಿಗೆ ತರಿಸಿಕೊಂಡು ವಾಪಸ್ ಕೊಟ್ಟಿದ್ದರು. ಸ್ಟೋರಿನವನು ಅಸಲಿ ಬೆಲ್ಟು ಇಟ್ಟುಕೊಂಡು ನಕಲಿ ಕಳಿಸಿದ್ದಾನೆ ಅಂತ ನನಗೆ ಹೊಳೆಯಿತು. ಹೊಳೆದ ಮೇಲೆ ಎಲ್ಲವೂ ಅದಕ್ಕೇ ಸಾಕ್ಷಿ ಹೇಳತೊಡಗಿದವು. ಬೆಲ್ಟಿಗೆ ಅಂಟಿಸಿದ ಚೀಟಿ ಅರ್ಧ ಕಿತ್ತಿದೆ, ಏಕೆ? ಪಟ್ಟಿಯ ಬಣ್ಣ ಮಾಸಿದೆ, ಅಸಲಿ ಮಾಸುತ್ತದೆಯೇ? ಸಾಲದ್ದಕ್ಕೆ, ಅವರ ಜೊತೆ ಹತ್ತುವ ಮದಕರಿಪುರದವರು ಒಂದು ಸಂಜೆ ಚಹಾಕ್ಕೆ ಬಂದಾಗ, ಅವರ ಬೆಲ್ಟನ್ನು ಕೇಳಿ ಇಸಿದುಕೊಂಡು ಹಾಕಿ ನೋಡಿದೆ. ಟಕ್. ಕುರಿ ಮೇಯಿಸುವ ಮನೆಯಿಂದ ಬಂದವರು ಅವರು, ನಿಧಾನದ ಮನುಷ್ಯ. "ಅಕ್ಕಾರೇ, ನೀವೂ ಒಂದಿನ ಹತ್ತಾಣ ಬರ್ರಿ," ಅಂದರು. ನನಗೆ ನಗು ಬರಲಿಲ್ಲ. ಒಂದೇ ದಿನ ಕೊಟ್ಟ ಎರಡು ಬೆಲ್ಟು, ಒಂದು ಟಕ್ ಅನ್ನುತ್ತದೆ, ಇನ್ನೊಂದು ತಪ್ ಅನ್ನುತ್ತದೆ. ಕಳ್ಳತನವಲ್ಲದೆ ಮತ್ತೇನು?

ಇದನ್ನೆಲ್ಲ ನಾನು ಅತ್ತೆಯ ಮುಂದೆಯೂ ಹೇಳಿದೆ. ಅತ್ತೆ ಮಾತು ಕಡಿಮೆಯವರು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಮಿಂದು, ಪೂಜೆ ಮುಗಿಸಿಯೇ ಬಾಯಿಗೆ ನೀರು ಹಾಕುವವರು. "ದೇವ್ರು ಅವ್ನೆ ಬಿಡಮ್ಮ," ಅಂದರು. ದೇವರಿದ್ದಾನೆ, ಸ್ಟೋರಿನವನೂ ಇದ್ದಾನಲ್ಲ ಅಂದುಕೊಂಡೆ.

ಗಂಡನ ವಾರದ ರಜೆ ಬಂತು. ಯಾರದೋ ಗೃಹಪ್ರವೇಶಕ್ಕೆ ಹೊಸದುರ್ಗಕ್ಕೆ ಹೋದರು. ನಾನು ಬೆಲ್ಟನ್ನು ಅಕ್ಕಿ ಚೀಲಕ್ಕೆ ತುರುಕಿ ಹಿರಿಯೂರಿನ ಬಸ್ಸು ಹತ್ತಿದೆ.

ಸ್ಟೋರಿನವನು ಕನ್ನಡಕದ ಮೇಲಿಂದ ನೋಡಿ, "ಕುಂತ್ಕಳ್ರಿ, ಏನಾಗ್ಬೇಕಿತ್ತು?" ಅಂದ. ನಾನು ಕುಳಿತುಕೊಳ್ಳಲಿಲ್ಲ. ಬೆಲ್ಟನ್ನು ಮೇಜಿನ ಮೇಲೆ ಸುರಿದು, ಅಸಲಿ ಎಲ್ಲಿದೆ ಅಂತ ಕೇಳಿದೆ. ಅವನು ತಡವರಿಸಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಅಂತ ಖುಷಿಪಟ್ಟೆ. ಆದರೆ ಪಾಪ, ಹೆಂಗಸೊಬ್ಬಳು ಬಂದು ಹೀಗೆ ಕೂಗಾಡಿದರೆ ಯಾರಾದರೂ ತಡವರಿಸುತ್ತಾರೆ.

ಅವನು ಬಕಲ್ಲು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಮುಖ ಸಣ್ಣಗಾಯಿತು. "ಇಲ್ನೋಡ್ರಿ ಅಮ್ಮ. ಇದು ಎರಡೂ ಕಡೆ ಹಿಡ್ಕೋಬೇಕು. ಒಂದೇ ಕಡೆ ಹಿಡ್ಕಂಡೈತೆ. ನೆಟ್ಟಗೆ ಎಳುದ್ರೆ ನಿಲ್ತತೆ, ಓರೆ ಎಳುದ್ರೆ ನೋಡ್ರಿ." ಪಕ್ಕಕ್ಕೆ ತಿರುಚಿ ಜಗ್ಗಿದ. ಬಕಲ್ಲು ಬಿಟ್ಟುಕೊಂಡಿತು.

"ಎದೆ ಪಟ್ಟಿ ಬಿಟ್ರೆ ಭುಜದವು ಜಾರ್ತವೆ. ಜೋತು ಬಿದ್ದ ಮನುಷ್ಯ ಬೆಲ್ಟಿಂದಾನೇ ಆಚೆ ಬಂದುಬಿಡ್ತಾನೆ," ಅಂದ.

ಆಗ ನಾನು ಕುಳಿತುಕೊಂಡೆ.

ಅವನು ಬಕಲ್ಲನ್ನು ಒಂದು ಪೇಪರಿನ ಮೇಲೆ ಹಿಡಿದು ಕುಟ್ಟಿದ. ಬಿಳಿ ಹಕ್ಕಳೆಗಳು ಉದುರಿದವು, ಹಿಂದೆಯೇ ನುಣ್ಣನೆಯ ಪುಡಿ. "ಸುಣ್ಣದ ಕೆಲ್ಸಕ್ಕೇನಾದ್ರೂ ಹಾಕ್ಕಂಡಿದ್ರಾ? ಧೂಳು ಹಿಂಗೆ ಗಾರೆಯಂಗೆ ಕಟ್ಕಳಲ್ಲ." ಇಷ್ಟಾದರೂ ನನ್ನ ಅನುಮಾನ ಅವನನ್ನು ಬಿಡಲಿಲ್ಲ, ಇವನೇ ಏನೋ ಹಾಕಿರಬೇಕು ಅಂದುಕೊಂಡೆ. ಅಂಗಡಿಯ ಚಾಳಿ ಇದೆಯಲ್ಲ, ಆ ಪುಡಿಯನ್ನು ಬೆರಳ ತುದಿಗೆ ತೆಗೆದುಕೊಂಡು ತಿಕ್ಕಿ ಮೂಸಿದೆ. ಸುಣ್ಣವಲ್ಲ, ಗುಡ್ಡದ ಧೂಳೂ ಅಲ್ಲ. ನಮ್ಮ ಮನೆಯ ವಿಭೂತಿ. ಮಠದಿಂದ ತರುವ ಗಟ್ಟಿ, ಅದರ ವಾಸನೆ ನನಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಅದರಲ್ಲಿ ಒಂದು ಚೂರೂ ಕಲಬೆರಕೆ ಇರಲಿಲ್ಲ.

ಅನುಮಾನ ಬಂದ ಬೆಲ್ಟನ್ನು ಇನ್ನೊಬ್ಬರು ಹಾಕಬಾರದೆಂದು ಅವರಲ್ಲಿ ಕತ್ತರಿಸಿಬಿಡುತ್ತಾರೆ. ಅವನು ದೊಡ್ಡ ಕತ್ತರಿ ತಂದು ಪಟ್ಟಿಗಳನ್ನು ಕತ್ತರಿಸಿದ. ನನ್ನ ಗಂಡನಿಗೆ ಫೋನು ಮಾಡಿ ಹೇಳಿ, ಹೊಸದೊಂದು ಕೊಟ್ಟ. ಅವನ ಮೇಲೆ ಅಷ್ಟು ಕೂಗಾಡಿದವಳು ತಪ್ಪಾಯಿತು ಅನ್ನುವ ಬದಲು, ಹೊಸದನ್ನೂ ಅವನೆದುರಿಗೇ ಹಾಕಿ ಬಿಚ್ಚಿ, ಓರೆಯಾಗಿ ಜಗ್ಗಿ ನೋಡಿ ಚೀಲಕ್ಕೆ ಹಾಕಿಕೊಂಡೆ.

ಬಸ್ಸಿನಲ್ಲಿ ನನಗೆ ಸಿಟ್ಟು ಕುದಿಯುತ್ತಿತ್ತು. ಯಾರೆಂದು ಗೊತ್ತಾಗಿತ್ತು. ಆದರೂ ಕಣ್ಣಾರೆ ನೋಡದೆ ನಂಬುವವಳಲ್ಲ ನಾನು. ಹೊಸ ಬೆಲ್ಟನ್ನು ಅದೇ ಗೂಟಕ್ಕೆ ಹಾಕಿ, ವಿಭೂತಿಯ ವಿಷಯ ಯಾರಿಗೂ ಹೇಳದೆ ಬೆಳಗಾಗುವುದನ್ನು ಕಾದೆ.

ಮಾರನೆಯ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವ ನೆಪದಲ್ಲಿ ಬಾಗಿಲ ಹೊರಗೆ ನಿಂತೆ. ಅತ್ತೆ ಪೂಜೆ ಮುಗಿಸಿದರು. ಅಂಗೈಯಲ್ಲಿ ವಿಭೂತಿ ತೇಯ್ದುಕೊಂಡು ಹಣೆಗೆ, ತೋಳಿಗೆ ಹಚ್ಚಿಕೊಂಡರು. ಅಂಗೈಯಲ್ಲಿ ಇನ್ನೂ ಒದ್ದೆ ವಿಭೂತಿ ಉಳಿದಿತ್ತು. ಗೂಟದ ಹತ್ತಿರ ಬಂದರು. ಮಗು ಎದ್ದುಬಿಟ್ಟೀತೆಂದು ತೊಟ್ಟಿಲು ಮುಟ್ಟುವ ಹಾಗೆ ಬಕಲ್ಲನ್ನು ಎತ್ತಿಕೊಂಡು, ಮೂರು ಬೆರಳು ಎಳೆದರು. ಮೂರು ಗೆರೆ. ವಿಭೂತಿಯ ನೀರು ಬಕಲ್ಲಿನ ಸಂದಿಗೆ ಇಳಿಯುವುದು ನನಗೆ ಹೊರಗಿನಿಂದಲೇ ಕಂಡಿತು.

"ಅತ್ತೆ," ಅಂದೆ.

ಅವರು ಬೆಚ್ಚಲಿಲ್ಲ. "ಹತ್ತಾಕೆ ಹೋಗೋನು ಹಣೆಗೆ ಹಚ್ಕಂಡ್ರೂ ಬೆವರಿಗೆ ಅಳಿಸೋಗ್ತತೆ ಕಣಮ್ಮ. ಮೇಲೆ ಹೋಗೋತನಕ ಏನೂ ಇರಲ್ಲ. ಇದಕ್ಕಾದ್ರೂ ಇರ್ಲಿ ಅಂತ."

ಸಿಟ್ಟಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತುಗಳನ್ನೆಲ್ಲ ಬಿಟ್ಟು, ಸ್ಟೋರಿನಲ್ಲಿ ನಡೆದದ್ದನ್ನಷ್ಟೇ ಹೇಳಿದೆ. ಓರೆ ಜಗ್ಗಿದರೆ ಬಿಟ್ಟುಕೊಂಡದ್ದು, ಪೇಪರಿನ ಮೇಲೆ ಬಿದ್ದ ಪುಡಿ. ಅತ್ತೆ ಸೆರಗಿನಿಂದ ಬಕಲ್ಲು ಒರೆಸತೊಡಗಿದರು. ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಗೋಡೆ ಹಿಡಿದು ಕೆಳಗೆ ಕುಳಿತರು.

"ನಾನೇ ಕೆಡವ್ತಿದ್ನೇನಮ್ಮ ಅವ್ನನ್ನ?"

ಸ್ಟೋರಿನವನೇ ಕಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಕಳ್ಳನ ಮೇಲೆ ಸಿಟ್ಟು ಮಾಡಬಹುದು. ಸಂದಿಯನ್ನು ಗಾಳಿ ಊದಿ, ಒಣ ಬಟ್ಟೆಯ ತುದಿಯಲ್ಲಿ ತೆಗೆದೆ. ಆದರೂ ವಿಷಯ ತಿಳಿದ ಗಂಡ ಅವತ್ತು ಮದಕರಿಪುರದವರಿಗೆ ಬೇರೆ ಬೆಲ್ಟು ಇದ್ದರೆ ತರಲು ಹೇಳಿ, ಇದನ್ನು ಸ್ಟೋರಿನಲ್ಲಿ ಪರೀಕ್ಷೆಗೆ ಕೊಟ್ಟರು. ಅದರಲ್ಲಿ ದೋಷವಿಲ್ಲವೆಂದು ವಾಪಸ್ ಬಂತು. ಅಮ್ಮನನ್ನು ಅವರು ಬೈಯಲಿಲ್ಲ.

ಅದಾದ ಮೇಲೆ ಅತ್ತೆ ಗೂಟದ ಕಡೆ ಹೋಗುವುದನ್ನೇ ಬಿಟ್ಟರು. ದೇವರ ಗೂಡಿಗೂ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಒಂದು ಬೆಳಿಗ್ಗೆ, "ಬಾರಮ್ಮ ಇಲ್ಲಿ," ಅಂತ ಕೂಗಿದರು. ಬಂದು ನೋಡಿದರೆ ಬೆಲ್ಟು ಜಾರಿ ನೆಲಕ್ಕೆ ಬಿದ್ದಿತ್ತು. ಅತ್ತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದರು.

"ನೀನೇ ಎತ್ತಿಡು. ನಾನು ಮುಟ್ಟಲ್ಲ."

ಆ ಕೈಗಳನ್ನು ಹಿಡಿದು ಮುಂದಕ್ಕೆ ತಂದೆ. ನನ್ನ ಸೆರಗಿನಲ್ಲಿ ಒರೆಸಿದೆ, ಬೆರಳ ಸಂದಿಯನ್ನೂ ಬಿಡದೆ. "ನೀವೇ ಹಾಕ್ರಿ ಅವರಿಗೆ," ಅಂದೆ.

ಗಂಡ ಬಂದು ನಿಂತರು. ಅತ್ತೆ ಮೊದಲು ಅವರ ಹಣೆಗೆ ವಿಭೂತಿ ಹಚ್ಚಿದರು. ಕೈ ತೊಳೆದು, ಒರೆಸಿ, ಒಣಗಿದೆಯೇ ಅಂತ ಕೆನ್ನೆಗೆ ಒತ್ತಿ ನೋಡಿಕೊಂಡರು. ಆಮೇಲೆ ಬಕಲ್ಲು ಹಾಕಿದರು. ಟಕ್ ಅಂದಿತು. ಈಗ ಅದು ದಿನದ ವಾಡಿಕೆ. ನಾನು ಒಲೆ ಸಣ್ಣ ಮಾಡಿ ಕಿವಿ ಕೊಟ್ಟು ನಿಲ್ಲುತ್ತೇನೆ. ಟಕ್ ಸದ್ದು ನನಗೆ ಸರಿಯಾಗಿಯೇ ಕೇಳುತ್ತದೆ, ರೊಟ್ಟಿಗೆ ಕೈ ಹಾಕುತ್ತೇನೆ. ಅಷ್ಟರಲ್ಲಿ ಪಡಸಾಲೆಯಿಂದ ಅತ್ತೆಯ ದನಿ ಬರುತ್ತದೆ.

"ಓರೆ ಜಗ್ಗಪ್ಪ. ನಂಗಿನ್ನೂ ನಂಬಿಕೆ ಬಂದಿಲ್ಲ."