ಎಣ್ಣೆ ಸುಮ್ಮನಾಗುವವರೆಗೆ

ಅವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ನಕ್ಕರೆ ಕೆನ್ನೆಗಳು ಒಳಗೆ ಹೋಗಿ, ಮೂಗು ಗದ್ದದ ಹತ್ತಿರಕ್ಕೆ ಬಂದು, ಇಡೀ ಮುಖ ಹಿಂಡಿ ಬಿಟ್ಟ ಕರ್ಚೀಫಿನ ಹಾಗೆ ಕಾಣುತ್ತಿತ್ತು. ಗುಂಡ್ಲುಪೇಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ ಅವರು. ಬೀದಿಯವರಂತೆ ನಾನೂ ಅವ್ವ ಎನ್ನುತ್ತಿದ್ದೆ.

ಎರಡು ಸಾವಿರದ ಇಸವಿಯಿಂದ ಈಚಿನ ಮಾತು. ಹೆಂಡತಿಗೆ ಚಾಮರಾಜನಗರದಲ್ಲಿ ಕೆಲಸ. ಅವಳ ಬಸ್ಸು ಬರುವಷ್ಟರಲ್ಲಿ ಸಂಜೆಯ ತಿಂಡಿ ಮಾಡಿಡುವುದು ನನ್ನ ಪಾಲು. ಬಸ್ಸು ತಡವಾದರೆ ಪಂಕ್ಚರ್ ಆಗಿರಬಹುದು, ಬೇಗ ಬಂದರೆ ಡ್ರೈವರ್ ಬ್ರೇಕನ್ನೇ ಮರೆತಿರಬಹುದು ಎಂದು ಹೆದರುವ ಜಾಯಮಾನ ನನ್ನದು. ಕೈಗೆ ಏನಾದರೂ ಕೆಲಸ ಬೇಕಿತ್ತು. ಪಕೋಡ ಕರಿಯತೊಡಗಿದೆ.

ಬಾಣಲೆಯಲ್ಲಿ ಗರಿಗರಿಯಾಗಿದ್ದದ್ದು ತಟ್ಟೆಗೆ ಬರುವಷ್ಟರಲ್ಲಿ ಒದ್ದೆ ಬಟ್ಟೆಯಾಗುತ್ತಿತ್ತು. ಅದರ ಕಾರಣ ಮೊದಲು ಗೊತ್ತಾದದ್ದು ಅವ್ವನಿಗೆ, ಅದೂ ಗೋಡೆಯಾಚೆಯಿಂದ. ನನ್ನ ಅಡುಗೆಮನೆಯ ಕಿಟಕಿ ಕೆಳಗಿನ ಕಟ್ಟೆಯಲ್ಲಿ ಕೂತಿದ್ದವರು ಅಲ್ಲಿಂದಲೇ ಅಪ್ಪಣೆ ಕೊಟ್ಟರು: "ತಗೀಬ್ಯಾಡ ಮೊಗ. ಎಣ್ಣ ಇನ್ನೂ ಮಾತಾಡ್ತಾ ಅದ. ಸುಮ್ಕಾಗ್ಲಿ ಬುಡು."

ಬಾಣಲೆಯ ಚರಚರ ಸದ್ದು ಅಡಗುವವರೆಗೆ ಕಾಯಬೇಕೆಂದು ಅದರರ್ಥ. ಅಂದಿನಿಂದ ಪಾಠ. ಈರುಳ್ಳಿ, ಎಲೆಕೋಸು, ಮೆಂತ್ಯಸೊಪ್ಪನ್ನು ಉಪ್ಪು ಹಾಕಿ ಹಿಸುಕಿಡಬೇಕು. ಅದು ಬಿಟ್ಟುಕೊಂಡ ನೀರಿಗೇ ಕಡಲೆಹಿಟ್ಟು, ಒಂದು ಹಿಡಿ ಅಕ್ಕಿಹಿಟ್ಟು. ಮೇಲೆ ತೊಟ್ಟು ನೀರು ಬಿದ್ದರೂ ಅವ್ವನ ಪ್ರಕಾರ ಅದು ಗೋಡೆಗೆ ಮೆತ್ತುವ ಗಾರೆ. ಕೈ ತೊಳೆಯಲು ನಲ್ಲಿಯ ಕಡೆ ತಿರುಗಿದರೂ ಗದರುತ್ತಿದ್ದರು.

ಪರೀಕ್ಷೆಯೂ ಅವರದೇ. ಅವರ ಕಿವಿಯ ಹತ್ತಿರ ಬಾಗಿ ನಾನು ಪಕೋಡ ಕಚ್ಚಬೇಕು. ಸದ್ದು ಸರಿಯಿದ್ದರೆ ಕಣ್ಣು ಮುಚ್ಚಿ ತಲೆದೂಗುವರು. ತಾವು ಮಾತ್ರ ಒಂದನ್ನೂ ಮುಟ್ಟುತ್ತಿರಲಿಲ್ಲ. "ಸಾಯದ್ರೊಳ್ಗ ನಾನೂ ಒಂದ್ಸಲ ಕರುಂ ಅನ್ನಿಸ್ಬೇಕು ಕಣ ಮೊಗ" ಎಂದು ಒಮ್ಮೆ ಅಂದಿದ್ದರು.

ಕೊನೆಗೆ ಅವರ ಮಗ ಚಾಮರಾಜನಗರಕ್ಕೆ ಕರೆದೊಯ್ದು ಹಲ್ಲುಸೆಟ್ಟು ಕಟ್ಟಿಸಿಕೊಟ್ಟರು. ಮೊದಲು ತಿನ್ನುವುದು ನನ್ನ ಕೈಯ ಪಕೋಡವನ್ನೇ ಎಂದು ಅವ್ವ ಬೀದಿಗೆಲ್ಲ ಸಾರಿದರು. ನನಗೆ ಜ್ವರ ಬಂದಂತಾಯಿತು. ಹಲ್ಲು ಮುರಿದರೆ? ಮುರಿದ ಚೂರು ಗಂಟಲಿಗೆ ಸಿಕ್ಕಿದರೆ? ಮಗ ಮನೆ ಖಾಲಿ ಮಾಡಿಸಿದರೆ? ಅವರು ಬರುವ ಮುಂಚೆಯೇ ಹಿಟ್ಟಿಗೆ ಅರ್ಧ ಲೋಟ ನೀರು ಸುರಿದು ಕಲಸಿಟ್ಟೆ. ಎಣ್ಣೆ ಇನ್ನೂ ಮಾತಾಡುತ್ತಿರುವಾಗಲೇ ತೆಗೆದೆ.

ಅವ್ವ ಕಚ್ಚಿದರು. ಸದ್ದೇ ಇಲ್ಲ. ನನ್ನನ್ನೇ ನೋಡಿದರು.

"ನನ್ ಹಲ್ಲಿಗ ಎದ್ರುಕಂಡ್ಯಾ?"

ಮುರಿದೀತು ಅಂತ, ಎಂದೆ.

"ಮುರುದ್ರ ನಂದ್ ಮುರೀತದ. ನಿನ್ಗೇನ್ ನೋವು?"

ಮತ್ತೆ ಹೆಚ್ಚಿ, ಹಿಸುಕಿ, ಕರಿದೆ. ಅಷ್ಟರಲ್ಲಿ ಬಂದ ಹೆಂಡತಿ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು. ಎಣ್ಣೆ ಸುಮ್ಮನಾಯಿತು. ಅವ್ವ ಕಚ್ಚಿದರು. ಕರುಂ. ಹಲ್ಲಿಗೆ ಏನೂ ಆಗಲಿಲ್ಲ. ನನಗೆ ಉಸಿರು ಬಂತು.

ಅವರು ಮಾತ್ರ ತುಂಬ ಹೊತ್ತು ಅಗಿದರು, ಯಾರದೋ ಬಾಯಲ್ಲಿ ತಿನ್ನುತ್ತಿರುವವರಂತೆ. ಆಮೇಲೆ ಹಲ್ಲುಸೆಟ್ಟನ್ನು ತೆಗೆದು ತಟ್ಟೆಯಂಚಿಗಿಟ್ಟು, ಉಳಿದ ಪಕೋಡದ ಮೇಲೆ ಬಿಸಿ ಸಾರು ಹುಯ್ಯಿಸಿಕೊಂಡು, ಒಸಡಲ್ಲೇ ಅರೆದು ಅಷ್ಟನ್ನೂ ಮುಗಿಸಿದರು.

"ಅದ್ರಲ್ಲಿ ಬರೀ ಸದ್ದು. ರುಚಿ ಇಲ್ಲಿ ಅದ ನೋಡು," ಎಂದು ಒಸಡು ತೋರಿಸಿದರು. "ಇನ್ಮ್ಯಾಲ ಸದ್ದು ನೀ ಮಾಡು, ರುಚಿ ನಾ ನೋಡ್ಕತೀನಿ."

ನಾವು ಆ ಮನೆಯಲ್ಲಿದ್ದಷ್ಟು ಕಾಲವೂ ಹಾಗೇ ನಡೆಯಿತು. ಹಲ್ಲುಸೆಟ್ಟು ಡಬ್ಬಿ ಸೇರಿತು.

ಅವ್ವ ತೀರಿಕೊಂಡ ದಿನ ಹಣೆ ತುಂಬ ವಿಭೂತಿ ಬಳಿದು, ಹೂವಿನ ನಡುವೆ ಕೂರಿಸಿದ್ದರು. ಕುದೇರಿನಿಂದ ಬಂದ ಮಗಳು ಅತ್ತು ಮುಗಿಸಿ ಆ ಡಬ್ಬಿ ಹುಡುಕಿ ತಂದರು. ಬೋಳು ಬಾಯಲ್ಲಿ ಕಳಿಸುವುದು ಬೇಡ, ನೋಡಿದವರು ಏನಂದಾರು ಎಂದು ಅಣ್ಣನಿಗೆ ಹೇಳಿದರು. ಹಿರಿಯರೆಲ್ಲ ಹೌದೆಂದರು.

ಕಂಡಕ್ಟರಿಗೆ ಸ್ಟಾಪು ಹೇಳುವುದಕ್ಕೂ ಗಂಟಲು ಸರಿಮಾಡಿಕೊಳ್ಳುವವನು ನಾನು. ಅಷ್ಟು ಜನರ ಮುಂದೆ, "ಹಾಕಬೇಡಿ. ಅದರಲ್ಲಿ ಅವ್ವನಿಗೆ ರುಚಿ ಗೊತ್ತಾಗಲ್ಲ" ಅಂದುಬಿಟ್ಟೆ.

ಎಲ್ಲರೂ ತಿರುಗಿ ನೋಡಿದರು. ಮಗ ನನ್ನನ್ನು ನೋಡಿ, ತಾಯಿಯನ್ನು ನೋಡಿ, ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಅವ್ವ ತಮ್ಮದೇ ಬಾಯಲ್ಲಿ ಹೋದರು.