ಶಾಂಪೂ ಮತ್ತು ಗೌರಾಯಿಯ ಕೈ

ಹಂಡೆಯ ಕೆಳಗೆ ತೊಗರಿಕಟ್ಟಿಗೆ ಚಟಪಟ ಉರಿಯುವಾಗ ನನ್ನ ನೆತ್ತಿಯ ಮೇಲೆ ಗೌರಾಯಿಯ ಅಂಗೈ ಟಪ್ ಟಪ್ ಎಂದು ಬೀಳುತ್ತಿತ್ತು. ಅಕ್ಕಲಕೋಟೆಯ ಆ ಮನೆ ಈಗಿಲ್ಲ, ಸದ್ದು ಮಾತ್ರ ಕಿವಿಯಲ್ಲಿದೆ. ನಿಮ್ಮ ನೆತ್ತಿಗೂ ಇಂಥ ಕೈಯೊಂದರ ನೆನಪಿರಬಹುದು. ಗೌರಾಯಿ ನನ್ನನ್ನು ಹೆರಿಗೆಯಲ್ಲಿ ಹಿಡಿದ ಸೂಲಗಿತ್ತಿ. ಹೆಣ್ಣುಕೂಸಿಗೆ ಮೊದಲ ಎಣ್ಣೆ ಇಟ್ಟ ಕೈಯೇ, ಆ ಹುಡುಗಿಯ ಮದುವೆಯಾಗುವವರೆಗೆ ಪ್ರತಿ ದೀಪಾವಳಿಗೂ ಮೊದಲ ಎಣ್ಣೆ ಇಡಬೇಕು. ಅದು ನಮ್ಮಲ್ಲಿ ಸೂಲಗಿತ್ತಿಗೆ ಸಲ್ಲುವ ಮಾನ. ಬೆಚ್ಚಗಿನ ಕುಸುಬಿ ಎಣ್ಣೆ ಸುರಿದು, ಹಣೆ ಒತ್ತಿ, ಕುತ್ತಿಗೆಯ ನರ ಸಡಿಲಿಸುತ್ತಿದ್ದಳು.

ಸೊಲ್ಲಾಪುರದ ಕಾನ್ವೆಂಟ್ ಸೇರಿದ ಮೇಲೆ ಅದೇ ಎಣ್ಣೆಯ ವಾಸನೆಗೆ ನನಗೆ ನಾಚಿಕೆ ಶುರುವಾಯಿತು. ಹದಿಮೂರನೇ ವಯಸ್ಸಿನ ದೀಪಾವಳಿಗೆ, ಹಾಸ್ಟೆಲ್ ಗೆಳತಿ ಬೊಂಬಾಯಿಯಿಂದ ತಂದುಕೊಟ್ಟ ಶಾಂಪೂ ಬಾಟಲಿಯನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಬಂದೆ. "ಬಾ ತಂಗಿ, ಕೂಡು. ಸಾಲಿ ಕಲ್ತು ಕಲ್ತು ನೆತ್ತಿ ಕಾದ ಹಂಚಾಗ್ಯದ, ರೊಟ್ಟಿ ಸುಡಬಹುದು" ಎಂದಳು ಗೌರಾಯಿ. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. "ಎಣ್ಣಿ ಒಲ್ಲೆ. ಇದೆಲ್ಲಾ ಓಲ್ಡ್ ಫ್ಯಾಶನ್. ಇಂಗ್ಲಿಷರು ಶಾಂಪೂ ಹಚ್ಚತಾರ. ನಿನ್ನ ಕೈ ನಾರ್ತದ" ಎಂದುಬಿಟ್ಟೆ. ಅವ್ವ ನನ್ನ ರಟ್ಟೆ ಹಿಡಿದಳು. ಗೌರಾಯಿ ಬಟ್ಟಲು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಬಿಡ್ರಿ ಅವ್ವಾರ, ಹುಡುಗಿ ದೊಡ್ಡಾಕಿ ಆಗ್ಯಾಳ" ಎಂದು ಹೊರಟಳು. ಮರುವರ್ಷದ ದೀಪಾವಳಿಗೆ ಬರಲಿಲ್ಲ.

ಎರಡು ವರ್ಷದ ಮೇಲೆ ಕಾನ್ವೆಂಟ್ ಲೈಬ್ರರಿಯ ದಪ್ಪ ಡಿಕ್ಷನರಿಯಲ್ಲಿ ಓದಿದೆ: ಶಾಂಪೂ ಮೂಲತಃ ಇಂಗ್ಲಿಷರ ಪದವೇ ಅಲ್ಲ, ಹಿಂದಿಯ 'ಚಾಂಪೋ', ಎಂದರೆ ಒತ್ತು. ಇಲ್ಲಿ ಮೈಕೈ ಒತ್ತಿಸಿಕೊಂಡ ಸಾಹೇಬರು ಆ ಮಾತನ್ನೂ ಹಡಗು ಹತ್ತಿಸಿದರು. ಬಹುಕಾಲ ಇಂಗ್ಲಿಷಿನಲ್ಲೂ ಅದಕ್ಕೆ ಮೈ ಒತ್ತುವುದೆಂದೇ ಅರ್ಥ. ತಲೆ ತೊಳೆಯುವುದು ಆಮೇಲೆ ಬಂತು, ಬಾಟಲಿ ಇನ್ನೂ ಆಮೇಲೆ. ಪುಟ ಹರಿದುಹಾಕುವಷ್ಟು ಸಿಟ್ಟು. ಯಾವ ಟೀಚರೂ ಇದನ್ನು ಮೊದಲೇ ಹೇಳಲಿಲ್ಲವಲ್ಲ ಎಂದು. ಹೇಳಿದ್ದರೂ ನಾನು ಕೇಳುತ್ತಿದ್ದೆನೇ?

ಆ ರಜೆಯಲ್ಲಿ ಗೌರಾಯಿ ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಇನ್ನು ಮುಂದೆ ಮಗಳ ಮನೆಯಲ್ಲೇ ಇರೋಣವೆಂದು ಭಂಡಾರಕವಠೆಗೆ ಹೊರಟಿದ್ದಳು. ನಾನು ಒಂದೇ ಉಸಿರಿಗೆ ಡಿಕ್ಷನರಿ ಒಪ್ಪಿಸಿದೆ. "ಹಂಗಾದ್ರ ಸಾಹೇಬರಿಗೂ ನೆತ್ತಿ ನೋಯ್ತಿತ್ತೇನ?" ಎಂದಳು. ಕಂಡಕ್ಟರ್ ಗಂಟೆ ಹೊಡೆದ. 'ತಪ್ಪಾಯಿತು, ಈ ದೀಪಾವಳಿಗೆ ಬಾ' ಎಂದು ನಾನು ಹೇಳಬೇಕಿತ್ತು. ನಾನಿನ್ನೂ ಆ ಪದದ ಅರ್ಥ ಯಾವಾಗ ಬದಲಾಯಿತೆಂದು ವಿವರಿಸುತ್ತಲೇ ಇದ್ದೆ. ಆಕೆ ಗಂಟನ್ನು ಬಗಲಿಗೇರಿಸಿ ಬಸ್ ಹತ್ತಿದಳು. ಕಿಟಕಿಯ ಬಳಿ ಕುಳಿತು, ನನ್ನ ಬಾಯಿ ಆಡುವುದನ್ನೇ ನೋಡುತ್ತಿದ್ದಳು. ಇಂಜಿನ್ನಿನ ಗದ್ದಲದಲ್ಲಿ ಏನೂ ಕೇಳಿಸಿರಲಾರದು. ನಾನು ಆಕೆಯನ್ನು ಕಂಡದ್ದು ಅದೇ ಕೊನೆ.