ಪಿಸುಗುಟ್ಟಿದ ಮೂರು ದಿನ

ನನ್ನ ಸ್ವರ ಒಡೆದದ್ದು ಯಾಕೆಂದು ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. "ಟೀಚರಲ್ವಾ, ಬೊಬ್ಬೆ ಹಾಕಿ ಹಾಕಿ ಹೀಗಾದ್ದು." ಮೊದಲು ನೋಡಿದ ಡಾಕ್ಟರರೂ ಅದನ್ನೇ ಹೇಳಿ ಉಪ್ಪುನೀರು ಮುಕ್ಕಳಿಸಲು ಹೇಳಿದರು. ಅತ್ತೆ ಕಾಳುಮೆಣಸಿನ ಕಷಾಯ ಕುಡಿಸಿದರು. ಕುಡಿದೆ, ಮುಕ್ಕಳಿಸಿದೆ, ನನ್ನ ಕರ್ಮ! ಒಂದು ವರ್ಷ ಕಳೆಯುವಾಗ ನನ್ನ ಒಂದನೇ ಕ್ಲಾಸಿನ ಹಿಂದಿನ ಬೆಂಚಿಗೆ ಪಾಠವೇ ಕೇಳುತ್ತಿರಲಿಲ್ಲ.

ಕೊನೆಗೆ ಮಂಗಳೂರಿನಲ್ಲಿ ಮೂಗಿನ ಮೂಲಕ ಸಣ್ಣ ಕ್ಯಾಮರಾ ಇಳಿಸಿ ನೋಡಿದರು. ಬೊಬ್ಬೆಯಿಂದ ಆಗುವ ಗಂಟು ಸಾಮಾನ್ಯವಾಗಿ ಗಂಟಲಿನ ಎರಡೂ ಸ್ವರತಂತುಗಳಲ್ಲಿ ಎದುರುಬದುರು ಇರುತ್ತದಂತೆ. ನನ್ನದು ಎಡಗಡೆ ಮಾತ್ರ, ನುಣ್ಣಗೆ ಉಬ್ಬಿತ್ತು. ಆಪರೇಶನ್ ಮಾಡಿ ತೆಗೆದು ಪರೀಕ್ಷೆಗೆ ಕಳಿಸಿದಾಗ, ನರದ ಹೊದಿಕೆಯಲ್ಲಿ ಬೆಳೆಯುವ ಅಪರೂಪದ ಗಡ್ಡೆ, ಕ್ಯಾನ್ಸರ್ ಅಲ್ಲ ಎಂದು ಬಂತು. "ಗಾಯ ಸರಿಯಾಗಿ ಮಾಗಿದ್ರೆ ಮೊದಲಿನ ಹಾಗೆ ಕ್ಲಾಸ್ ಮಾಡ್ಬಹುದು. ಹತ್ತು ದಿನ ಒಂದಕ್ಷರ ಮಾತಾಡ್ಬಾರ್ದು" ಎಂದು ಡಾಕ್ಟರ್ ಹೇಳಿ ಕಳಿಸಿದರು.

ಆದರೆ ಆಪರೇಶನ್ ಆದವರನ್ನು ನೋಡಲು ಹೋಗುವ ಕ್ರಮ ಒಂದುಂಟಲ್ಲ ನಮ್ಮಲ್ಲಿ! ಬ್ರೆಡ್ಡು, ಮೂಸಂಬಿ ಹಿಡಿದು ಬಂದವರಿಗೆ ರೋಗಿಯ ಬಾಯಿಂದಲೇ ಕಥೆ ಕೇಳಬೇಕು. ಸ್ಲೇಟಿನಲ್ಲಿ ಬರೆದು ತೋರಿಸಿದರೆ, "ಕನ್ನಡಕ ತರ್ಲಿಲ್ಲ ಮಾರಾಯ್ತಿ." ಅತ್ತೆಗೆ ಮರ್ಯಾದೆಯ ಪ್ರಶ್ನೆ. "ಬಂದವರ ಎದುರು ಹೀಗೆ ಕೂತ್ರೆ ಎಂತ ಗ್ರಹಿಸ್ತಾರೆ? ಮೆಲ್ಲ ಹೇಳಿದ್ರೆ ಎಂತ ಆಗ್ತದೆ?" ನನ್ನ ಬುದ್ಧಿಗಿಷ್ಟು ಮಣ್ಣು ಬೀಳ. ಸ್ವರ ಹೊರಡದಿದ್ದರೆ ಅದು ಮಾತಲ್ಲ ಎಂದುಕೊಂಡು ಮೂರು ದಿನ ಬಂದವರಿಗೆಲ್ಲ ಪಿಸುಗುಟ್ಟಿದೆ. ಆಚೆಮನೆಯವರಿಗಂತೂ ಎರಡು ಸಲ. ಮೊದಲ ಸಲ ಅವರ ನಾದಿನಿ ಜೊತೆಗೆ ಇರಲಿಲ್ಲವಂತೆ!

ನಾಲ್ಕನೇ ದಿನ ಗಂಟಲು ನೋಡಿದ ಡಾಕ್ಟರ್ ಕೆಂಡವಾದರು. "ಯಾರ ಹತ್ರ ಮಾತಾಡಿದ್ದು?"

ಪಿಸುಗುಟ್ಟಿದ್ದು ಮಾತ್ರ ಎಂದು ಬರೆದು ತೋರಿಸಿದೆ.

"ಅದ್ರಿಂದ ಗಂಟಲಿಗೆ ಇನ್ನೂ ಕಷ್ಟ ಅಮ್ಮಾ!"

ಗಾಯ ಬಾತು, ಒರಟಾಗಿ ಮಾಗುತ್ತಿತ್ತು. ಆಮೇಲೆ ತಿಂಗಳುಗಟ್ಟಲೆ ಸ್ವರದ ವ್ಯಾಯಾಮ ಮಾಡಿದೆ. ವಾಪಸು ಬಂದದ್ದು ಎದುರು ಕೂತವರಿಗೆ ಕೇಳಿದರೆ ಪುಣ್ಯ ಎನ್ನುವಷ್ಟು ಸ್ವರ. ನನ್ನ ಒಂದನೇ ಕ್ಲಾಸು ಬೇರೆ ಟೀಚರಿಗೆ ಹೋಯಿತು. ಆ ದಿನ ಸ್ಟಾಫ್ ರೂಮಿನಲ್ಲಿ ಕೂತು ಅತ್ತುಬಿಟ್ಟೆ.

ಮೊನ್ನೆ ಒಂದು ಮದುವೆಯ ಊಟದಲ್ಲಿ ಆಚೆಮನೆಯವರು ನನ್ನ ಪಕ್ಕದಲ್ಲೇ ಕೂತರು. "ಛೆ, ಆವಾಗ ಬಾಯಿ ಮುಚ್ಚಿ ಕೂರ್ಬೇಕಿತ್ತು ಟೀಚರೇ. ನಿಮ್ಗೆ ಮಾತು ಸ್ವಲ್ಪ ಹೆಚ್ಚು."

ಮೈಯೆಲ್ಲ ಉರಿದುಹೋಯಿತು. ಅಷ್ಟು ದಿನದ ಸಿಟ್ಟನ್ನೆಲ್ಲ ಒಟ್ಟು ಮಾಡಿ, ನಾಲ್ಕು ಜನರ ಎದುರೇ ಅವರಿಗೆ ಚೆನ್ನಾಗಿ ಬಯ್ದೆ.

ಅವರು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು, "ಎಂತ? ಕೇಳ್ಲಿಲ್ಲ" ಎಂದರು.